ಸಂಕೇತ ೯೯

ಒಟ್ಟು ಸಾವಿರದ ಇನ್ನೂರು ಮನೆ. ಮನೆಗೊಂದು ಹಳದಿ ಪುಸ್ತಕ,
ಪುಸ್ತಕಕ್ಕೆ ಹದಿನಾಲ್ಕು ದಿನ.
ಏನು ಉಂಡಿರಿ, ಎಷ್ಟು ಜನ, ಎಷ್ಟು ಗ್ರಾಂ.
ರುವಿಯ ನಾಲ್ಕನೇ ಮಹಡಿಯಲ್ಲಿ ಕೂತು
ಮಸ್ಕತ್ತಿನ ಹೊಟ್ಟೆ ಎಣಿಸುತ್ತೇನೆ.

ಮೊದಮೊದಲು ಮೋಜೇ.
ಶುಕ್ರವಾರ ಮಧ್ಯಾಹ್ನ ಬಿರಿಯಾನಿಯ ಗೆರೆ
ಬೋಳುಗುಡ್ಡ ಹತ್ತಿದ ಮೇಕೆಯ ಹಾಗೆ ತುದಿಯಲ್ಲಿ ನಿಲ್ಲುತ್ತದೆ.
ಹರೀಸ್ ಬೇಯಲು ಮನೆಯಲ್ಲೊಬ್ಬ ಅಜ್ಜಿ ಬೇಕು,
ವಯಸ್ಸಿನ ಕಾಲಮ್ಮು ಅರವತ್ತು ದಾಟಿದಲ್ಲೆಲ್ಲ ಅದು ಸಿಗುತ್ತದೆ.
ಪರೋಟದೊಳಗೆ ಚಿಪ್ಸು ಚೀಸು ಸುತ್ತಿ ತಿನ್ನುವವರು
ಹನ್ನೆರಡರಿಂದ ಹತ್ತೊಂಬತ್ತು, ರಾತ್ರಿ ಹತ್ತರ ಮೇಲೆ.
ತಿಂಗಳು ಇಪ್ಪತ್ತು ದಾಟಿತೋ, ಮಾಂಸ ಇಳಿದು ಮೊಟ್ಟೆ ಏರುತ್ತದೆ;
ಯಾವ ದೇಶದವರೆಂದು ನೋಡಬೇಕಿಲ್ಲ.
ಮಜ್ದಿ ಸಾಹೇಬರು ಕೇಳುವುದು ಒಂದೇ:
ಮೊದಲ ಹತ್ತು ಯಾವುವು?

ಪಟ್ಟಿಯಲ್ಲಿ ಇಲ್ಲದ್ದಕ್ಕೂ ಒಂದು ಸಂಕೇತವಿದೆ, ೯೯. ಇತರೆ.
ಕೆಲಸಕ್ಕೆ ಸೇರಿದ ವಾರ ಕದ್ದು ಹುಡುಕಿದ್ದೆ.
ಜೋಳದ ರೊಟ್ಟಿ, ೯೯. ಪುಂಡಿಪಲ್ಯ, ೯೯.
ಗುರೆಳ್ಳು ಹಿಂಡಿಯನ್ನು ಹುಡುಕುವ ಮೊದಲೇ ನಗು ಬಂತು.

ಮೊನ್ನೆ ರೊವೀನಾ ಒಂದು ಪುಸ್ತಕ ಹಿಡಿದು
ಮೇಜಿಂದ ಮೇಜಿಗೆ ತಿರುಗಿದಳು.
ಶೈಜು ನಮ್ಮದಲ್ಲ ಅಂದ. ತೆಲುಗು ಇರಬೇಕು ಅಂದರು ಯಾರೋ.
ಕೊನೆಗೆ ನನ್ನ ಮುಂದೆ ಬಿತ್ತು:
ಸೀಸದ ಕಡ್ಡಿಯ ದುಂಡಕ್ಷರ, ಅಂಚಿಗೆ ಅರಿಶಿನದ ಹೆಬ್ಬೆಟ್ಟು.

ಮನೆ ಸಂಖ್ಯೆ ೪೧೭. ಗಾಲಾ. ಕೋಣೆ ಒಂದು, ಜನ ಆರು.
ಕುಟುಂಬದ ಯಜಮಾನ: "ಅವತ್ತು ಯಾರ ಪಾಳಿಯೋ ಅವರು."
ದಿನ ಒಂದು: ಮೌನೇಶನ ಚಿತ್ರಾನ್ನ, ನಿನ್ನೇದರದ್ದು.
ದಿನ ಎರಡು: ಖಾಜಾಹುಸೇನನ ಮೊಟ್ಟೆ.
ದಿನ ಮೂರು: ಹುಲಿಗೆಪ್ಪನ ಸಾರು.
ಏನು ಸಾರು? ತೊಗರಿಯದೋ, ಹುರುಳಿಯದೋ?
ತೂಕ: "ಸಾಕಾಗುವಷ್ಟು."
ಖಾದ್ಯದ ಹೆಸರು ಸ್ಪಷ್ಟವಾಗಿ ಬರೆಯಿರಿ ಎಂದಿದೆ, ದಪ್ಪಕ್ಷರದಲ್ಲಿ.
ಬರೆದಿದ್ದಾರಲ್ಲ.

ದಿನ ಒಂಬತ್ತು:
"ಹುಲಿಗೆಪ್ಪನ ಪಾಳಿ. ವೀಸಾ ಮುಗೀತು, ಸಂಜಿ ವಿಮಾನಕ್ಕ ಹೋದ.
ಯಾರೂ ಒಲಿ ಹಚ್ಚಲಿಲ್ಲ."

ಆ ಸಾಲು ಖಾಲಿ ಬಿಟ್ಟು ಕೆಳಗಿಳಿದೆ.
ಒಂದು ಕರಕ್ ಚಹಾ ಕುಡಿದು ಬರುವಷ್ಟರಲ್ಲಿ
ಖಾಲಿ ಕಂಡಲ್ಲೆಲ್ಲ ಸರಾಸರಿ ತುಂಬುವ ಪ್ರೋಗ್ರಾಮು
ಆರೂ ಜನಕ್ಕೆ ಬಡಿಸಿತ್ತು:
ಅನ್ನ ೨೧೦ ಗ್ರಾಂ, ಬೇಳೆ ೯೦, ಕೋಳಿ ೬೫,
ತಲೆಗೆ ಎರಡೂವರೆ ಖರ್ಜೂರ.

ಒಂದು ಗಳಿಗೆ, ಇರಲಿ ಬಿಡು ಅನ್ನಿಸಿತು.
ಊರೆಲ್ಲ ಉಂಡ ತಟ್ಟೆಯಿಂದ ಒಂದೊಂದು ಅಗುಳು ತೆಗೆದು
ಆ ಕೋಣೆಯ ಬಾಗಿಲಿಗೆ ಇಟ್ಟ ಹಾಗೆ.
ಆದರೆ ಅವರು ಬರೆದದ್ದು ಅದಲ್ಲ.
ಖಾಲಿ ಅಂದರೆ ಗೊತ್ತಿಲ್ಲ ಅಂತ;
ನನಗೆ ಗೊತ್ತಿತ್ತು.
ಕೋಳಿ ಅಳಿಸಿದೆ. ಬೇಳೆ, ಅನ್ನ. ಖರ್ಜೂರ ಅಳಿಸುವಾಗ ಕೈ ತಡೆಯಿತು.
ಆರು ಸೊನ್ನೆ.
ಅಲ್ಲ, ಐದು. ಒಬ್ಬ ಸಮುದ್ರದ ಮೇಲಿದ್ದ,
ಅವನಿಗೆ ವಿಮಾನದವರು ಏನೋ ಕೊಟ್ಟಿರಬೇಕು.
ಮಸ್ಕತ್ತಿನ ಸರಾಸರಿ
ನಾಲ್ಕನೇ ದಶಾಂಶದಲ್ಲಿ ಒಂಚೂರು ಹಸಿಯಿತು.

ಮಜ್ದಿ ಏನೂ ಕೇಳಲಿಲ್ಲ.
ಮೊದಲ ಹತ್ತು ಇದ್ದಲ್ಲೇ ಇದ್ದವು, ಬಿರಿಯಾನಿ ತುದಿಯಲ್ಲೇ.

ಪುಟ ತಿರುವಿದರೆ ದಿನ ಹತ್ತು:
"ಹುಲಿಗೆಪ್ಪನ ಸಾರು. ಮಾಡಿದಾವ ಮೌನೇಶ. ಉಪ್ಪು ಹೆಚ್ಚಾತು."
ಬೆರಳು ತಾನಾಗಿ ೯ರ ಮೇಲೆ ಹೋಗಿ ನಿಂತಿತ್ತು.
ಪಟ್ಟಿಯ ತಳಕ್ಕಿಳಿದು ಹೊಸದೊಂದು ಸಾಲು ಸೇರಿಸಿದೆ,
ಹೆಸರು ಅವರು ಬರೆದ ಹಾಗೆಯೇ.
ತೂಕದ ಚೌಕದಲ್ಲಿ ಸಾಕಾಗುವಷ್ಟು ಎಂದು ಹೊಡೆದೆ.
ಕೆಂಪಗೆ ಮಿನುಗಿ
ಯಂತ್ರ ಇನ್ನೂ ಅಂಕಿ ಕೇಳುತ್ತಿದೆ.